ಅಡ್ವಾನ್ಸ್ ಬಂತು, ನೋಂದಣಿ ಮಾತ್ರ ಆಗ್ತಿಲ್ಲ: ಮನೆ ಮಾರುವವರಿಗೆ ಒಂದು ಮಾರ್ಗದರ್ಶಿ

2025ರ ಯುಗಾದಿಗೆ ಮುಂಚೆ ಅಡ್ವಾನ್ಸ್ ತೆಗೆದುಕೊಂಡೆವು. ಮೂರು ತಿಂಗಳಲ್ಲಿ ನೋಂದಣಿ ಎಂದು ಕರಾರು ಪತ್ರದಲ್ಲಿ ಬರೆದಿತ್ತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೊನೆಗೂ ಹೆಬ್ಬೆಟ್ಟು ಒತ್ತಿದ್ದು ಗಣೇಶನ ಹಬ್ಬ ಕಳೆದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ. ಅಷ್ಟರಲ್ಲಿ, ಆಗಸ್ಟ್ 31ರಿಂದ, ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತ್ತು. ಮನೆಯ ಬೆಲೆ 1.6 ಕೋಟಿ. ಒಂದು ವಾರ ತಡವಾಗಿದ್ದಕ್ಕೆ 1,60,000 ರೂಪಾಯಿ ಜಾಸ್ತಿ. ಶುಲ್ಕ ಕಟ್ಟುವುದು ಕೊಳ್ಳುವವರು, ನಿಜ. ಆದರೆ ತಡ ಮಾಡಿದ್ದು ನಾವು. ಎರಡು ದಿನ ಇಬ್ಬರಿಗೂ ಮಾತಿಲ್ಲ. ಕೊನೆಗೆ ಅರ್ಧ ಅರ್ಧ ಹಂಚಿಕೊಂಡೆವು.

‘ಸರ್ಕಾರಿ ಆಫೀಸು ಅಂದ್ರೆ ಹೀಗೇ’ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ದಿನ ಡೈರಿ ತೆಗೆದು ಲೆಕ್ಕ ಹಾಕಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಕಡತ ಇದ್ದದ್ದು ಆರೇ ದಿನ. ಉಳಿದ ತಿಂಗಳುಗಳೆಲ್ಲ ಬ್ಯಾಂಕಿನ ಗೋದಾಮಿನಲ್ಲಿ, ಪಾಲಿಕೆಯಲ್ಲಿ, ತಂಗಿಯ ಪವರ್ ಆಫ್ ಅಟಾರ್ನಿಯಲ್ಲಿ (ತನ್ನ ಪರವಾಗಿ ಸಹಿ ಹಾಕಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ), ಮತ್ತೆ ನಮ್ಮದೇ ಮನೆಯ ಬೀರುವಿನಲ್ಲಿ ಕಳೆದಿದ್ದವು. ಬೆಂಗಳೂರಿನ ಮನೆಯ ಅನುಭವ ಇದು. ರಾಜ್ಯದ ಬೇರೆ ಊರುಗಳಿಗೂ ಬಹುಪಾಲು ಅನ್ವಯಿಸುತ್ತದೆ.

ಬೋರ್ಡ್ ಹಾಕುವ ಮುಂಚೆ ಬೀರು ತೆಗೆಯಿರಿ

ನಾವೆಲ್ಲ ಮಾಡುವ ತಪ್ಪು ಒಂದೇ. ಮೊದಲು ಬ್ರೋಕರ್‌ಗೆ ಹೇಳುತ್ತೇವೆ, ಕೊಳ್ಳುವವರು ಸಿಕ್ಕಮೇಲೆ ಪತ್ರ ಹುಡುಕುತ್ತೇವೆ. ಇದನ್ನು ಉಲ್ಟಾ ಮಾಡಿ. ನಿಮ್ಮ ಕ್ರಯಪತ್ರ, ಅದಕ್ಕಿಂತ ಹಿಂದಿನ ತಾಯಿ ಪತ್ರ, ಹಂಚಿಕೆ ಪತ್ರ ಅಥವಾ ಸ್ವಾಧೀನ ಪತ್ರ, ಭೂ ಪರಿವರ್ತನೆ ಆದೇಶ, ಮನೆ ಕಟ್ಟಿದ ಪ್ಲಾನ್, ಈ ವರ್ಷದ ಕಂದಾಯ ರಸೀದಿ, ಕರೆಂಟು ಮತ್ತು ನೀರಿನ ಬಿಲ್ಲು ಇವಿಷ್ಟನ್ನೂ ಮೇಜಿನ ಮೇಲೆ ಹರಡಿ. ಎಲ್ಲದರಲ್ಲೂ ಮೂರು ವಿಷಯ ಮಾತ್ರ ನೋಡಿ: ಹೆಸರು, ಅಳತೆ, ಚೆಕ್ಕುಬಂದಿ (ಅಂದರೆ ನಾಲ್ಕೂ ದಿಕ್ಕಿನ ಗಡಿ).

ಹೆಸರಿನದ್ದೇ ದೊಡ್ಡ ರಗಳೆ. ನಮ್ಮ ಕಡೆ ಊರು, ತಂದೆಯ ಹೆಸರು ಎಲ್ಲ ಸೇರಿ ಇನಿಷಿಯಲ್ ಆಗಿರುತ್ತದೆ. ಕ್ರಯಪತ್ರದಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಅದೇ ಅಕ್ಷರ ಉದ್ದಕ್ಕೆ ಬಿಡಿಸಿದ್ದು. ನಮ್ಮಪ್ಪನ ಹೆಸರು ನಾಲ್ಕು ಕಾಗದದಲ್ಲಿ ನಾಲ್ಕು ಥರ ಇತ್ತು. ಮನುಷ್ಯರಿಗೆ ಇದು ಅರ್ಥವಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ. ‘ಈ ಎಲ್ಲ ಹೆಸರೂ ಒಬ್ಬರದ್ದೇ’ ಎಂಬ ಅಫಿಡವಿಟ್ ಅನ್ನು ಮೊದಲೇ ಮಾಡಿಸಿಡಿ. ಆಧಾರ್ ತಿದ್ದಬೇಕಿದ್ದರೆ ಈಗಲೇ ತಿದ್ದಿಸಿ. ಪ್ಯಾನ್ ಜೊತೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿ. ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ನಿಮಗೆ ಕೊಡುವ ಹಣದಲ್ಲೇ ಮುಂಗಡ ತೆರಿಗೆ, ಹಿಡಿಯಬೇಕು. ಜೋಡಣೆಯಾಗದೆ ನಿಮ್ಮ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಅದು ಶೇ 20 ಆಗುತ್ತದೆ. ಇದು ಕೊನೇ ದಿನ ಗೊತ್ತಾದರೆ ಎದೆ ಧಸಕ್ಕೆನ್ನುತ್ತದೆ.

ಆಮೇಲೆ ಇಸಿ, ಅಂದರೆ ಋಣಭಾರ ಪತ್ರ: ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಕೊಳ್ಳುವವರು ತೆಗೆಸಲಿ ಬಿಡಿ ಎಂದುಕೊಳ್ಳಬೇಡಿ. ನೀವೇ ಮೊದಲು ತೆಗೆಸಿ. 2004ರ ಏಪ್ರಿಲ್ 1ರಿಂದ ಈಚಿನ ದಾಖಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಕಚೇರಿಯ ಪುಸ್ತಕಗಳನ್ನು ಕೈಯಲ್ಲಿ ಹುಡುಕಬೇಕು, ಸಮಯ ಹಿಡಿಯುತ್ತದೆ. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ನಿಮ್ಮ ಬಡಾವಣೆ ನಡುವೆ ಒಂದು ಸಬ್ ರಿಜಿಸ್ಟ್ರಾರ್ ವ್ಯಾಪ್ತಿಯಿಂದ ಇನ್ನೊಂದಕ್ಕೆ ಹೋಗಿದ್ದರೆ ಎರಡೂ ಕಡೆಯಿಂದ ತೆಗೆಸಬೇಕು. ನಮಗಿದು ಗೊತ್ತಿರಲಿಲ್ಲ, ಮೂರು ವಾರ ಹೋಯಿತು.

ಇ-ಖಾತೆ

2024ರ ಅಕ್ಟೋಬರ್‌ನಿಂದ ನಗರಗಳಲ್ಲಿ ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು, ಅಂದರೆ ಎಲ್ಲರೂ ಹೇಳುವ ‘ಒಂಬತ್ತು ಹನ್ನೊಂದು’ (ನಮೂನೆ 9 ಮತ್ತು 11). ಬೆಂಗಳೂರಿನಲ್ಲಿ ಕರಡು ಇ-ಖಾತೆ ಪಾಲಿಕೆಯ ಜಾಲತಾಣದಲ್ಲೇ ಇರುತ್ತದೆ. ಕ್ರಯಪತ್ರದ ನೋಂದಣಿ ಸಂಖ್ಯೆ, ಕಂದಾಯದ ಅರ್ಜಿ ಸಂಖ್ಯೆ, ಇಸಿ, ಆಸ್ತಿಯ ಫೋಟೊ ಕೊಟ್ಟು, ಮಾಲೀಕರ ಆಧಾರ್ ದೃಢೀಕರಣ ಮಾಡಿದರೆ ಅಂತಿಮ ಖಾತೆ ಬರುತ್ತದೆ. ಎಲ್ಲ ತಾಳೆಯಾದರೆ ಬೇಗ ಬರುತ್ತದೆ. ಒಂದು ಅಡಿ ಅಳತೆ ಹೆಚ್ಚುಕಮ್ಮಿಯಾದರೂ ಅಧಿಕಾರಿಯ ಟೇಬಲ್‌ಗೆ ಹೋಗಿ ಕೂರುತ್ತದೆ.

ಸತ್ತವರ ಹೆಸರಲ್ಲೇ ಖಾತೆ ಇದ್ದರೆ ಆಧಾರ್ ದೃಢೀಕರಣ ಮಾಡುವವರು ಯಾರು? ನಮ್ಮಲ್ಲಿ ಆಗಿದ್ದು ಅದೇ. ಅಪ್ಪ ಹೋಗಿ ಒಂಬತ್ತು ವರ್ಷ ಆಗಿತ್ತು, ಕಂದಾಯ ಕಟ್ಟುತ್ತಲೇ ಇದ್ದೆವು, ಖಾತೆ ಬದಲಾಯಿಸಿರಲಿಲ್ಲ. ಮನೆ ಮಾರುವ ಯೋಚನೆ ಇಲ್ಲದಿದ್ದರೂ ಈ ಕೆಲಸವನ್ನು ಈ ತಿಂಗಳೇ ಶುರು ಮಾಡಿ.

ಇನ್ನೊಂದು ಮಾತು. ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಎಂಬ ದಾಖಲೆ ಅಷ್ಟೆ, ಅದೇ ಮಾಲೀಕತ್ವ ಅಲ್ಲ. ‘ಖಾತೆ ನನ್ನ ಹೆಸರಲ್ಲಿದೆ, ಮಾರುತ್ತೇನೆ’ ಎಂದು ಹೊರಟವರನ್ನು ಕೊಳ್ಳುವವರ ವಕೀಲರು ಅಲ್ಲೇ ತಡೆಯುತ್ತಾರೆ.

ಸಹಿ ಯಾರೆಲ್ಲ ಹಾಕಬೇಕು?

ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ, ಅವರ ಪಾಲಿಗೆ ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರೂ ವಾರಸುದಾರರು. ಅಜ್ಜಿ (ತಂದೆಯ ತಾಯಿ) ಬದುಕಿದ್ದರೆ ಅವರೂ ಸೇರುತ್ತಾರೆ. ‘ಮದುವೆಯಲ್ಲಿ ಕೊಟ್ಟಾಯ್ತಲ್ಲ’ ಎನ್ನುವ ಮಾತು ಮನೆಯಲ್ಲಿ ನಡೆಯಬಹುದು, ವಕೀಲರ ಮುಂದೆ ನಡೆಯುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲೂ ಅಷ್ಟೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣು ಮಕ್ಕಳಿಗೆ ಸಮಪಾಲು ಕೊಟ್ಟಿದೆ. ಕರ್ನಾಟಕದಲ್ಲಂತೂ 1994ರಲ್ಲೇ ಅಂಥ ತಿದ್ದುಪಡಿ ಬಂದಿತ್ತು.

ಹಾಗಾಗಿ ಮರಣ ಪತ್ರ, ವಂಶವೃಕ್ಷ ಮೊದಲೇ ಮಾಡಿಸಿ. ವಂಶವೃಕ್ಷದಲ್ಲಿ ಯಾರ ಹೆಸರನ್ನೂ ಬಿಡಬೇಡಿ, ಮಾತು ಬಿಟ್ಟ ಅಣ್ಣನದ್ದನ್ನೂ.

ಹೊರದೇಶದಲ್ಲಿರುವವರ ಸಹಿಗೆ ಜಾಸ್ತಿ ಹೊತ್ತು ಇಡಿ. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಪವರ್ ಆಫ್ ಅಟಾರ್ನಿಯನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬೇಕು, ಇಲ್ಲವೇ ನೋಟರಿ ಮಾಡಿಸಿ ಅಪಾಸ್ಟಿಲ್ ಮುದ್ರೆ (ಕಾಗದ ಅಸಲಿ ಎಂದು ಅಲ್ಲಿನ ಸರ್ಕಾರ ಬೇರೆ ದೇಶಗಳಿಗಾಗಿ ಹಾಕುವ ಮುದ್ರೆ) ಹಾಕಿಸಬೇಕು. ಅದು ಭಾರತಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಅದಕ್ಕೇ ಕೊರಿಯರ್ ಕವರ್ ಬಿಸಾಡಬೇಡಿ. ಯಾವತ್ತು ಬಂತು ಎಂಬುದಕ್ಕೆ ಆ ಕವರೇ ಸಾಕ್ಷಿ.

ನಮ್ಮ ಮೊದಲ ಪತ್ರ ವಾಪಸ್ ಬಂತು. ‘ಮಾರಲು ಅಧಿಕಾರ ಕೊಟ್ಟಿದ್ದೇನೆ’ ಅಂತ ಇತ್ತು. ‘ಪತ್ರಕ್ಕೆ ಸಹಿ ಹಾಕಿ, ನೋಂದಣಿಗೆ ಹಾಜರುಪಡಿಸಿ, ಸಹಿಯನ್ನು ಒಪ್ಪಿಕೊಳ್ಳಲು’ ಎಂಬ ಸಾಲು ಇರಲಿಲ್ಲ. ಆ ಒಂದು ಸಾಲಿಗೆ ಐದು ವಾರ. ಕರಡನ್ನು ಕೊಳ್ಳುವವರ ವಕೀಲರಿಗೂ ಅವರ ಬ್ಯಾಂಕಿಗೂ ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಅಲ್ಲಿಗೆ ಕಳಿಸಿ. ಅಮ್ಮ ಅಂದಿದ್ದರು, ‘ಅವಳೇ ಬಂದು ಸಹಿ ಹಾಕಿ, ಒಂದು ವಾರ ಇದ್ದು ಹೋಗಬಹುದಿತ್ತು’ ಅಂತ. ಲೆಕ್ಕ ಹಾಕಿದರೆ ಅದೇ ಅಗ್ಗವಾಗುತ್ತಿತ್ತು.

ಮಾರುವವರಲ್ಲಿ ಅನಿವಾಸಿ ಇದ್ದರೆ ಅವರ ಪಾಲಿಗೆ ಶೇ 1ರ ಟಿಡಿಎಸ್ ನಿಯಮ ಇಲ್ಲ. ದೀರ್ಘಾವಧಿಯ ಆಸ್ತಿಯಾದರೆ ಶೇ 12.5, ಅದರ ಮೇಲೆ ಸರ್ಚಾರ್ಜ್, ಸೆಸ್. ತೆರಿಗೆ ಬೀಳುವುದು ಲಾಭಕ್ಕೆ. ಆದರೂ ಕೊಳ್ಳುವವರು ಭಯಕ್ಕೆ ಪೂರ್ತಿ ಮೊತ್ತದ ಮೇಲೆ ಹಿಡಿದುಬಿಡುತ್ತಾರೆ. ಅದನ್ನು ತಪ್ಪಿಸಲು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರ ತರಬಹುದು. ಅದಕ್ಕೂ ವಾರಗಟ್ಟಲೆ ಬೇಕು. ಕರಾರು ಆದ ಮರುದಿನವೇ ಆಡಿಟರ್ ಹತ್ತಿರ ಅರ್ಜಿ ಹಾಕಿಸಿ.

ಮನೆಯ ಮೇಲೆ ಸಾಲ ಇದ್ದರೆ

ನಿಜವಾಗಿ ಕುತ್ತಿಗೆ ಸಿಕ್ಕಿಕೊಳ್ಳುವುದು ಇಲ್ಲಿ. ಮೇಲಿನ ಮಹಡಿ ಕಟ್ಟಲು ನಾವು ಸಾಲ ಮಾಡಿದ್ದೆವು. ಮೂಲ ಪತ್ರಗಳೆಲ್ಲ ಬ್ಯಾಂಕಿನಲ್ಲಿ. ಅಡ್ವಾನ್ಸ್ ಹಣದಲ್ಲಿ ಸಾಲ ತೀರಿಸಿದೆವು. ಶಾಖೆಯವರು, ‘ಸರ್, ಪತ್ರ ಇಲ್ಲಿಲ್ಲ, ಕೇಂದ್ರ ಗೋದಾಮಿಂದ ಬರಬೇಕು’ ಅಂದರು. ವಾರ ವಾರ ಹೋದೆ. ಪ್ರತಿ ವಾರವೂ ಬೇರೆ ಹುಡುಗ, ಅದೇ ಮಾತು.

ಆಗ ಆಡಿಟರ್ ಒಬ್ಬರು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಸುತ್ತೋಲೆ ತೋರಿಸಿದರು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳೆಲ್ಲವನ್ನೂ ವಾಪಸ್ ಕೊಡಬೇಕು, ನೋಂದಣಿಯಲ್ಲಿರುವ ಅಡಮಾನವನ್ನೂ ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಪತ್ರ ಕಳೆದುಹೋಗಿದ್ದರೆ ನಕಲು ಕೊಡಿಸುವ ಖರ್ಚೂ ಬ್ಯಾಂಕಿನದ್ದೇ. ಅದಕ್ಕೆ ಇನ್ನೂ 30 ದಿನ ಸಿಗುತ್ತದೆ, ಅಷ್ಟೆ. ನಾನು ಒಂದು ಇ-ಮೇಲ್ ಬರೆದೆ: ಸಾಲ ತೀರಿದ ದಿನಾಂಕ, ಸುತ್ತೋಲೆಯ ದಿನಾಂಕ, ತಡವಾದ ದಿನಗಳ ಲೆಕ್ಕ. ಜಗಳದ ಒಂದು ಪದವೂ ಇಲ್ಲ. ಐದನೇ ದಿನ ಪತ್ರ ಬಂತು. 11 ದಿನ ತಡಕ್ಕೆ 55,000 ರೂಪಾಯಿಯೂ ಖಾತೆಗೆ ಬಂತು. ಮೊದಲ ದಿನವೇ ಈ ಮೇಲ್ ಬರೆದಿದ್ದರೆ ನೋಂದಣಿ ಆಗಸ್ಟ್ 31ರ ಒಳಗೇ ಆಗುತ್ತಿತ್ತೋ ಏನೋ.

ಮಾಡಬೇಕಾದ್ದು ಇಷ್ಟು. ಮಾರುವ ಯೋಚನೆ ಬಂದ ಕೂಡಲೇ ಬ್ಯಾಂಕಿನಿಂದ ಎರಡು ಕಾಗದ ಕೇಳಿ: ಸಾಲ ಮುಗಿಸಲು ಎಷ್ಟು ಕಟ್ಟಬೇಕು ಎಂಬ ಲೆಕ್ಕ, ಮತ್ತು ತಮ್ಮ ಬಳಿ ಯಾವ ಯಾವ ಮೂಲ ಪತ್ರ ಇವೆ ಎಂಬ ಪಟ್ಟಿ. ಆ ಪಟ್ಟಿಯಲ್ಲಿ ತಾಯಿ ಪತ್ರ ಕಾಣದಿದ್ದರೆ ಅವತ್ತೇ ಕೇಳಿ. ಬದಲಾಗುವ ಬಡ್ಡಿ ದರದಲ್ಲಿ ವ್ಯಕ್ತಿಗಳು ಪಡೆದ ಗೃಹಸಾಲ ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಹಾಗಾಗಿ ಆ ಭಯ ಬೇಡ.

ಸಾಲ ತೀರಿದ ಮೇಲೆ ಬರೀ ‘ಬಾಕಿ ಇಲ್ಲ’ ಪತ್ರ ಸಾಲದು. ಅಡಮಾನ ನೋಂದಣಿ ಆಗಿದ್ದರೆ ಡಿಸ್ಚಾರ್ಜ್ ಡೀಡ್ (ಅಡಮಾನ ಬಿಡುಗಡೆ ಪತ್ರ) ಕೂಡ ನೋಂದಣಿ ಆಗಬೇಕು. ಆಮೇಲೆ ಹೊಸ ಇಸಿ ತೆಗೆಸಿ ಅದು ಬಂದಿದೆಯಾ ನೋಡಿ. ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲೂ ಬ್ಯಾಂಕಿನ ಹಕ್ಕು ತೆಗೆದಿರಬೇಕು.

ಕೈಯಲ್ಲಿ ಹಣ ಇಲ್ಲದಿದ್ದರೆ ಕೊಳ್ಳುವವರ ಬ್ಯಾಂಕು ನಿಮ್ಮ ಬ್ಯಾಂಕಿಗೆ ನೇರ ಡಿಡಿ ಕೊಟ್ಟು ಪತ್ರ ಪಡೆಯುವ ದಾರಿ ಇದೆ. ಎರಡು ಬ್ಯಾಂಕುಗಳ ನಡುವಿನ ಮದುವೆ ಮಾತುಕತೆ ಅದು. ಇಬ್ಬರು ಅಧಿಕಾರಿಗಳ ಫೋನ್ ನಂಬರನ್ನು ಪರಸ್ಪರ ಕೊಡಿಸಿ, ನಡುವೆ ನೀವೇ ಕೂತು ಮಾತಾಡಿಸಿ. ಇಲ್ಲದಿದ್ದರೆ ಅವರಾಗಿ ಮಾತಾಡುವುದಿಲ್ಲ.

ಕರಾರು ಪತ್ರದಲ್ಲಿ ಏನಿರಬೇಕು

ಸುಮ್ನೆ ‘ಮೂರು ತಿಂಗಳಲ್ಲಿ’ ಎಂದು ಬರೆದರೆ ಪ್ರಯೋಜನ ಕಮ್ಮಿ. ಸ್ಥಿರಾಸ್ತಿಯ ಕರಾರಿನಲ್ಲಿ ಸಾಮಾನ್ಯವಾಗಿ ಗಡುವನ್ನು ಕೋರ್ಟುಗಳು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಗಡುವು ಮುಖ್ಯ ಎಂಬುದು ಪತ್ರದಲ್ಲೇ ಸ್ಪಷ್ಟವಾಗಿರಬೇಕು. ಕೊಳ್ಳುವವರ ವಕೀಲರು ಎಷ್ಟು ದಿನದಲ್ಲಿ ಪ್ರಶ್ನೆ ಕಳಿಸಬೇಕು, ಸಾಲ ಮಂಜೂರಾತಿ ಪತ್ರ ಯಾವಾಗ ತೋರಿಸಬೇಕು, ನೀವು ಯಾವ ಪತ್ರ ಯಾವಾಗ ಕೊಡುತ್ತೀರಿ, ತಡವಾದರೆ ಅಡ್ವಾನ್ಸ್ ಏನಾಗುತ್ತದೆ, ನಡುವೆ ಸರ್ಕಾರಿ ಶುಲ್ಕ ಏರಿದರೆ ಯಾರು ಕಟ್ಟುತ್ತಾರೆ ಎಲ್ಲ ಬರೆಸಿ. ಕೊನೆಯದು ನಾನು ದುಡ್ಡು ಕೊಟ್ಟು ಕಲಿತದ್ದು.

ಅಡ್ವಾನ್ಸನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತೆಗೆದುಕೊಳ್ಳಬೇಡಿ. ತೆಗೆದುಕೊಂಡಷ್ಟೇ ದಂಡ ಬೀಳಬಹುದು. ‘ಪೇಂಟ್ ಮಾಡಿಸಿಕೊಳ್ತೀವಿ, ಕೀಲಿ ಕೊಡಿ’ ಎಂದು ಕೇಳುತ್ತಾರೆ, ಒಳ್ಳೆಯವರೇ ಇರುತ್ತಾರೆ. ಆದರೂ ನೋಂದಣಿಗೆ ಮುಂಚೆ ಕೀಲಿ ಬೇಡ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಸ್ಟ್ಯಾಂಪ್ ಶುಲ್ಕ ಬೀಳುತ್ತದೆ. ಮೇಲಾಗಿ, ಮನೆ ಕೈಗೆ ಬಂದವರಿಗೆ ಆತುರ ಇರುವುದಿಲ್ಲ.

ಫೈಲ್ ಈಗ ಯಾರ ಟೇಬಲ್ ಮೇಲಿದೆ?

ಕರಾರು ಮುಗಿದ ಮೇಲೆ ಕೊಳ್ಳುವವರ ಬ್ಯಾಂಕಿನ ವಕೀಲರು ಪತ್ರ ನೋಡುತ್ತಾರೆ, ಎಂಜಿನಿಯರ್ ಬಂದು ಮನೆ ಅಳೆಯುತ್ತಾರೆ. ಈ ಹೊತ್ತಿನಲ್ಲಿ ‘ಕೆಲಸ ನಡೀತಿದೆ ಸರ್’ ಎಂಬ ಉತ್ತರ ಜಾಸ್ತಿ ಸಿಗುತ್ತದೆ. ಅದನ್ನು ಒಪ್ಪಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಪ್ರಶ್ನೆ ಕೇಳಿ: ಫೈಲ್ ಈಗ ಯಾರ ಟೇಬಲ್ ಮೇಲಿದೆ, ಅವರು ಕಾಯುತ್ತಿರುವುದು ಯಾವ ಕಾಗದಕ್ಕೆ? ಅರ್ಧಕ್ಕರ್ಧ ಸಲ ‘ನಿಮ್ಮ ಕಾಗದಕ್ಕೇ ಕಾಯ್ತಿದ್ದೀವಿ’ ಎಂಬ ಉತ್ತರ ಬರುತ್ತದೆ. ಅದನ್ನು ಅವರು ಯಾರಿಗೂ ಹೇಳಿರುವುದಿಲ್ಲ.

ಎರಡೂ ಕಡೆಯವರು, ಎರಡೂ ವಕೀಲರು, ಬ್ಯಾಂಕಿನ ಹುಡುಗ ಎಲ್ಲರೂ ಇರುವ ವಾಟ್ಸಾಪ್ ಗ್ರೂಪ್ ಮಾಡಿ. ವಕೀಲರ ಪ್ರಶ್ನೆ ಬಂದರೆ ಒಂದೊಂದಕ್ಕೆ ಒಂದೊಂದು ದಿನ ಉತ್ತರಿಸಬೇಡಿ. ಎಲ್ಲವನ್ನೂ ಸೇರಿಸಿ ಒಂದೇ ಮೇಲ್‌ನಲ್ಲಿ, ಪ್ರಶ್ನೆಯ ಸಂಖ್ಯೆ ಹಾಕಿ ಕಳಿಸಿ. ಬ್ರೋಕರ್ ಮೂಲಕ ಮಾತ್ರ ಮಾತಾಡುವುದನ್ನು ಬಿಡಿ. ಪಾಪ, ಅವರು ಎರಡೂ ಕಡೆಗೆ ಸಮಾಧಾನ ಹೇಳುತ್ತಾರೆ, ಸುದ್ದಿ ಹೇಳುವುದಿಲ್ಲ.

ಫ್ಲ್ಯಾಟ್ ಆದರೆ ಸಂಘದ ನಿರಾಕ್ಷೇಪಣಾ ಪತ್ರ ಬೇಕು. ಮೆಂಟೆನೆನ್ಸ್ ಬಾಕಿ ತೀರಿಸಿ ಮೊದಲೇ ಕೇಳಿ. ಕಾರ್ಯದರ್ಶಿ ರಜೆಯಲ್ಲಿ ಊರಿಗೆ ಹೋದರೆ ಹದಿನೈದು ದಿನ ಹೋಗುತ್ತದೆ.

ಕಾವೇರಿ, ಮುಹೂರ್ತ, ಸರ್ವರ್

2023ರಲ್ಲಿ ಕಾವೇರಿ 2.0 ಬಂದ ಮೇಲೆ ನೋಂದಣಿಯ ಕ್ರಮ ಬದಲಾಗಿದೆ. ಕರಡು ಕ್ರಯಪತ್ರವನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪುತ್ತಾರೆ, ಇಲ್ಲವೇ ತಪ್ಪು ತೋರಿಸಿ ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾದಿರಿಸಬೇಕು. ಕಚೇರಿಗೆ ಹೋಗುವುದು ಫೋಟೊ, ಹೆಬ್ಬೆಟ್ಟು, ಸಹಿಗಷ್ಟೆ. ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಾದರೂ ಆಗುತ್ತದೆ. ನಿಮ್ಮ ಏರಿಯಾದಲ್ಲಿ ರಷ್ ಇದ್ದರೆ ಪಕ್ಕದ ಕಚೇರಿ ನೋಡಿ.

ಕರಡು ವಾಪಸ್ ಬರುವುದು ಹೆಚ್ಚಾಗಿ ಸಣ್ಣ ತಪ್ಪಿಗೆ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಬದಲು ಪಶ್ಚಿಮ, ಇ-ಖಾತೆಯ ಅಳತೆಗೂ ಪತ್ರದ ಅಳತೆಗೂ ವ್ಯತ್ಯಾಸ, ಡಿಡಿ ನಂಬರ್ ತಪ್ಪು. ಅಪ್‌ಲೋಡ್ ಮಾಡುವ ಹಿಂದಿನ ದಿನ ಇಬ್ಬರು ಕೂತು ಓದಿ. ಒಬ್ಬರು ಹಳೆಯ ಕ್ರಯಪತ್ರದಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೊಸದರಲ್ಲಿ ಬೆರಳಿಟ್ಟು ನೋಡಲಿ.

ಮುಹೂರ್ತವನ್ನೂ ಮೊದಲೇ ಕೇಳಿಬಿಡಿ. ನಗಬೇಡಿ, ಇದೂ ತಡದ ಕಾರಣ. ನಮ್ಮ ಪತ್ರ ಸಿದ್ಧವಾಗುವ ಹೊತ್ತಿಗೆ ಆಷಾಢ. ಕೊಳ್ಳುವವರ ಅತ್ತೆ ಬೇಡ ಅಂದರು. ಸೆಪ್ಟೆಂಬರ್ ಮೊದಲ ವಾರ ತಪ್ಪಿದ್ದರೆ ಪಿತೃಪಕ್ಷ, ಮತ್ತೆ ಎರಡು ವಾರ. ಶುಕ್ರವಾರ ಬೇಕೆಂದರೆ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಇವರಿಗೆ ಬೇಕಾದ ಸ್ಲಾಟ್ ಎಲ್ಲರಿಗೂ ಬೇಕು, ಅಲ್ವಾ? ಜೊತೆಗೆ ಸರ್ವರ್ ಕೈಕೊಡುವುದುಂಟು. 2025ರ ಆರಂಭದಲ್ಲಿ ಕಾವೇರಿ ತಂತ್ರಾಂಶದ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ನೋಂದಣಿ ಅಸ್ತವ್ಯಸ್ತವಾಗಿತ್ತು. ಆದ್ದರಿಂದ ಗಡುವಿನ ಕೊನೇ ದಿನಕ್ಕೆ ಸ್ಲಾಟ್ ಇಟ್ಟುಕೊಳ್ಳಬೇಡಿ. ಒಂದು ವೇಳೆ ಸಹಿ ಹಾಕಿದ ಮೇಲೆ ನೋಂದಣಿ ನಿಂತರೂ ಗಾಬರಿ ಬೇಡ. ಸಹಿ ಆದ ದಿನದಿಂದ 4 ತಿಂಗಳೊಳಗೆ ಪತ್ರವನ್ನು ಹಾಜರುಪಡಿಸಲು ಕಾನೂನಿನಲ್ಲಿ ಅವಕಾಶವಿದೆ.

ನಿಜಕ್ಕೂ ಸಿಕ್ಕಿಹಾಕಿಕೊಂಡರೆ

ಕಚೇರಿಯಲ್ಲಿ ಬಾಯಿಮಾತಿನಲ್ಲಿ ‘ಆಗಲ್ಲ’ ಅಂದರೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಆ ಪದಕ್ಕೆ ತೂಕವಿದೆ. ಸಬ್ ರಿಜಿಸ್ಟ್ರಾರ್ ನೋಂದಣಿ ನಿರಾಕರಿಸಿದರೆ ಕಾರಣವನ್ನು ಬರೆದೇ ಕೊಡಬೇಕು. ಅದರ ಮೇಲೆ ಜಿಲ್ಲಾ ನೋಂದಣಾಧಿಕಾರಿಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಎಷ್ಟೋ ಸಲ ಹಿಂಬರಹ ಕೇಳಿದ ಮೇಲೆ ‘ಇರಿ, ನೋಡ್ತೀನಿ’ ಅನ್ನುತ್ತಾರೆ.

ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಯಾದರೆ ಅರ್ಜಿಯ ಜೊತೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ತಡಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಕಾಫಿ ಖರ್ಚಿಗೂ ಸಾಲದು. ಆದರೆ ಆ ಹಣ ಅಧಿಕಾರಿಯ ಜೇಬಿಂದ ಹೋಗಬೇಕಾದ್ದರಿಂದ, ಸಂಖ್ಯೆ ಇರುವ ಅರ್ಜಿ ಮೇಲೆ ಬರುತ್ತದೆ. ಬ್ಯಾಂಕಿಗೆ ಬರೆದು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ದುಡ್ಡಿಲ್ಲದೆ ದೂರು ಕೊಡಬಹುದು.

ಕೊಳ್ಳುವವರೇ ಎಳೆದಾಡುತ್ತಿದ್ದರೆ? ಸಿಟ್ಟಿನಲ್ಲಿ ಇನ್ನೊಬ್ಬರ ಹತ್ತಿರ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಮೊದಲು ವಕೀಲರಿಂದ ನೋಟಿಸು ಕೊಟ್ಟು ಗಡುವು ನೆನಪಿಸಿ. ಒಪ್ಪಂದ ಮುರಿಯುವುದಾದರೆ ರದ್ದತಿ ಪತ್ರ ಮಾಡಿಸಿ, ಅಡ್ವಾನ್ಸಿನ ಲೆಕ್ಕ ಮುಗಿಸಿ, ಆಮೇಲೆ ಬೇರೆಯವರನ್ನು ನೋಡಿ. ಕರಾರು ನೋಂದಣಿ ಆಗಿದ್ದರೆ ರದ್ದತಿಯೂ ನೋಂದಣಿ ಆಗಬೇಕು, ಇಲ್ಲದಿದ್ದರೆ ಅದು ನಿಮ್ಮ ಇಸಿಯಲ್ಲಿ ಹಾಗೇ ಕೂತಿರುತ್ತದೆ. ಗಡುವು ಮುಂದಕ್ಕೆ ಹಾಕಲು ಒಪ್ಪಿದರೆ ಅದನ್ನೂ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ನೋಂದಣಿಯ ದಿನ ಡಿಡಿಯ ಹೆಸರು, ಮೊತ್ತ ನೋಡಿಯೇ ಹೆಬ್ಬೆಟ್ಟು ಒತ್ತಿ. ಟಿಡಿಎಸ್ ಕಟ್ಟಿದ ರಸೀದಿ ಕೇಳಿ, ಆಮೇಲೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯಾ ಅಂತ ತೆರಿಗೆ ಜಾಲತಾಣದಲ್ಲಿ ನೋಡಿ. ಸಹಿಯಾದ ಪತ್ರದ ಒಂದು ನಕಲು ನಿಮಗಿರಲಿ. ಕೀಲಿ ಕೊಡುವ ಮುಂಚೆ ಕರೆಂಟು ಮೀಟರಿನ ರೀಡಿಂಗ್ ಫೋಟೊ ತೆಗೆದುಕೊಳ್ಳಿ. ನಮ್ಮದರಲ್ಲಿ ಮೀಟರ್ ಬಾಗಿಲ ಹಿಂದೆ ಅಮ್ಮ ನೇತುಹಾಕಿದ್ದ ಹಳೇ ಕ್ಯಾಲೆಂಡರ್ ಕೂಡ ಬಂತು. ಇನ್ನೂ ಫೋನಿನಲ್ಲಿದೆ.